ಕಾಲುನೋವಿದ್ದವರಿಗೆ ಕಾರವಾರ ಮಾರ್ಕೆಟ್ಟಿನ ಒಂದು ಚಪ್ಪಲಿ ಅಂಗಡಿ

ನನಗೆ 47. ಮನೆಯಿಂದ ಮಾರ್ಕೆಟ್, ಸಂಜೆ ಟಾಗೋರ್ ಬೀಚಿನ ಮರಳಲ್ಲಿ ಒಂದು ಸುತ್ತು, ಇಷ್ಟೇ ನಡಿಗೆ. ಆದರೂ ಒಂದು ವರ್ಷದಿಂದ ರಾತ್ರಿ ಮೀನಖಂಡ ಸೆಳೆತ, ಬೆಳಿಗ್ಗೆ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗೆ ನೋವು. ವಯಸ್ಸಾಯಿತು ಅಂತ ಸುಮ್ನಿದ್ದೆ. ಡಾಕ್ಟರ್ ನೋಡಿ, ಪಾದದಡಿಯ ನಾರಿಗೆ ಪೆಟ್ಟಾಗಿದೆ, ಮೊದಲು ಆ ಸವೆದ ಹವಾಯಿ ಚಪ್ಪಲಿ ಬಿಡಿ ಅಂದರು.

ಹಾಗೆ ಮಾರ್ಕೆಟ್ಟಿನ ಈ ಅಂಗಡಿಗೆ ಹೋದೆ. ಅಂಗಡಿಯವರು ಸೀದಾ ಶೂ ತೋರಿಸಲಿಲ್ಲ. "ಸಂಜೆ ಬನ್ನಿ ಅಕ್ಕಾ, ನಡೆದು ನಡೆದು ಪಾದ ಸ್ವಲ್ಪ ಊದಿರುತ್ತೆ, ಆಗಿನ ಅಳತೆಯೇ ಸರಿ" ಅಂದರು. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಎಷ್ಟು ಜನ ಇದ್ದಾರೆ? ಸಂಜೆ ಎರಡೂ ಪಾದ ಅಳೆದರು. ನನ್ನ ಎಡಪಾದ ಸ್ವಲ್ಪ ದೊಡ್ಡದು ಅಂತ ಗೊತ್ತಾಗಿದ್ದೇ ಆಗ. ಅದಕ್ಕೆ ಹೊಂದುವ, ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಉಳಿಯುವ ಶೂ ಹಾಕಿಸಿ, ಅಂಗಡಿ ಮುಂದೆ ನಾಲ್ಕು ಸಲ ನಡೆಸಿ ನೋಡಿದರು.

1,900 ರೂಪಾಯಿ, ಜಾಸ್ತಿಯೇ. ಹೆಂಗಸರ ಅಳತೆಯಲ್ಲಿ ಆಯ್ಕೆ ಕಡಿಮೆ. ಆದರೆ ಗೋಡೆ ಹಿಡಿದು ಮೀನಖಂಡ ಎಳೆಯುವ ವ್ಯಾಯಾಮವೂ ಸೇರಿ, ಎರಡು ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಇಳಿದಿದೆ.

ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವಾದರೆ ಮಾತ್ರ ಮೊದಲು ಡಾಕ್ಟರ ಹತ್ತಿರ ಹೋಗಿ. ಅದು ರಕ್ತನಾಳದ ತೊಂದರೆ ಇರಬಹುದು, ಸಕ್ಕರೆ ಕಾಯಿಲೆ ಇದ್ದವರಂತೂ ತಡ ಮಾಡಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿದರೂ ಅಷ್ಟೇ.

ನಮ್ಮ ಮಳೆಗೆ ಈ ಬಟ್ಟೆ ಶೂ ಒಣಗುವುದಿಲ್ಲ ಅಲ್ವಾ? ಹಿಮ್ಮಡಿಗೆ ಮೆತ್ತೆ ಇರುವ ಸ್ಯಾಂಡಲ್ ತರಿಸಿಕೊಡುತ್ತೇನೆ ಅಂತ ಅಂಗಡಿಯವರು ಅಂದಿದ್ದಾರೆ, ಮೇ ಕೊನೆಗೆ ಮತ್ತೆ ಹೋಗುತ್ತೇನೆ.