ಫೋರ್ಟ್ರಾನ್ 1957: ಭಾಷೆಗಿಂತ ಕಂಪೈಲರಿಗೇ ಹೆಚ್ಚು ಅಂಕ

ಐಬಿಎಂ 704 ಕಂಪ್ಯೂಟರಿಗಾಗಿ ಸಿದ್ಧವಾಗಿ 1957ರ ಏಪ್ರಿಲ್‌ನಲ್ಲಿ ಗ್ರಾಹಕರ ಕೈಸೇರಿದ ಫೋರ್ಟ್ರಾನ್ ಅನ್ನು ಇಂದು ಎಲ್ಲರೂ ಒಂದು ಪ್ರೋಗ್ರಾಮಿಂಗ್ ಭಾಷೆಯೆಂದೇ ನೆನೆಯುತ್ತಾರೆ. ಅದನ್ನು ಬಳಕೆಗೆ ಬಂದ ಉತ್ಪನ್ನವೆಂದು ತೂಗಿ ನೋಡಿದರೆ ಹೊಗಳಿಕೆಯ ದೊಡ್ಡ ಪಾಲು ಅದರ ಕಂಪೈಲರಿಗೆ, ಅಂದರೆ ಆ ಭಾಷೆಯ ಬರಹವನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಪ್ರೋಗ್ರಾಮಿಗೆ, ಸಲ್ಲಬೇಕು.

ಐಬಿಎಂನ ಜಾನ್ ಬ್ಯಾಕಸ್ 1953ರ ಕೊನೆಯಲ್ಲಿ ಈ ಯೋಜನೆಯನ್ನು ಸಂಸ್ಥೆಯ ಮುಂದಿಟ್ಟ ಕಾಲದಲ್ಲಿ, ಯಂತ್ರ ಹೆಣೆದ ಕೋಡ್ ಕೈಬರಹದ ಕೋಡಿನಷ್ಟು ವೇಗವಾಗಿ ಓಡಲಾರದೆಂಬುದು ಅನುಭವಿಗಳ ಖಚಿತ ನಂಬಿಕೆಯಾಗಿತ್ತು. ಹಿಂದಿನ ಯಂತ್ರಗಳಲ್ಲಿ ಫ್ಲೋಟಿಂಗ್ ಪಾಯಿಂಟ್ (ಭಿನ್ನಾಂಶವಿರುವ ಸಂಖ್ಯೆಗಳ) ಲೆಕ್ಕವನ್ನು ಸಾಫ್ಟ್‌ವೇರೇ ಮಾಡಬೇಕಿದ್ದುದರಿಂದ ಸ್ವಯಂಚಾಲಿತ ಕೋಡಿಂಗಿನ ನಿಧಾನಗತಿ ಅದರಲ್ಲಿ ಮುಚ್ಚಿಹೋಗುತ್ತಿತ್ತು. 704ರಲ್ಲಿ ಆ ಲೆಕ್ಕ ಹಾರ್ಡ್‌ವೇರಿಗೆ ಸೇರಿದ ಮೇಲೆ ಆ ಮರೆ ಉಳಿಯಲಿಲ್ಲ. ಹಾಗಾಗಿ ತಂಡವು ಲೂಪುಗಳನ್ನು (ಮತ್ತೆ ಮತ್ತೆ ನಡೆಯುವ ಭಾಗಗಳನ್ನು) ಚುರುಕುಗೊಳಿಸುವುದಕ್ಕೂ ಯಂತ್ರದಲ್ಲಿದ್ದ ಮೂರೇ ಇಂಡೆಕ್ಸ್ ರಿಜಿಸ್ಟರುಗಳನ್ನು (ಲೂಪಿನ ಎಣಿಕೆಗೆ ಬಳಸುವ ಪುಟ್ಟ ಶೇಖರಣೆಗಳನ್ನು) ಜಾಣತನದಿಂದ ಹಂಚುವುದಕ್ಕೂ ತನ್ನ ಶ್ರಮದ ಬಹುಪಾಲನ್ನು ಸುರಿಯಿತು. ಯಾವ ಕವಲು ಎಷ್ಟು ಸಲ ನಡೆದೀತೆಂದು ಪ್ರೋಗ್ರಾಮರ್ ‘ಫ್ರೀಕ್ವೆನ್ಸಿ’ ಹೇಳಿಕೆಯಲ್ಲಿ ಅಂದಾಜು ಕೊಟ್ಟರೆ, ಕಂಪೈಲರ್ ಮಾಂಟೆ ಕಾರ್ಲೊ ವಿಧಾನದಿಂದ (ಯಾದೃಚ್ಛಿಕ ಆಯ್ಕೆಗಳ ಮೂಲಕ ಅಂದಾಜಿಸುವ ಕ್ರಮದಿಂದ) ಪ್ರೋಗ್ರಾಮಿನ ಹರಿವನ್ನು ಅಳೆದು ರಿಜಿಸ್ಟರುಗಳ ಹಂಚಿಕೆಗೆ ಸಿದ್ಧತೆ ಮಾಡಿಕೊಳ್ಳುತ್ತಿತ್ತು. ಈ ಭಾಗವನ್ನು ರೂಪಿಸಿದವರು ಲೋಯಿಸ್ ಹೈಟ್. ಇಡೀ ಉತ್ಪನ್ನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ಭಾಷೆಯ ವಿಷಯಕ್ಕೆ ಬಂದರೆ ಅಷ್ಟು ಉದಾರವಾಗಲು ಸಾಧ್ಯವಿಲ್ಲ. ಹೆಸರುಗಳಿಗೆ ಆರೇ ಅಕ್ಷರ, ಸಾಲಿಗೆ ರಂಧ್ರ ಕೊರೆದ ಕಾರ್ಡಿನ 7ರಿಂದ 72ರವರೆಗಿನ ಕಾಲಂ ಎಂಬ ಕಟ್ಟುಪಾಡುಗಳನ್ನು ಕಾಲದ ಮಿತಿಯೆಂದು ಬಿಡಬಹುದು. ಖಾಲಿ ಜಾಗಕ್ಕೆ ಅರ್ಥವೇ ಇಲ್ಲವೆಂಬ ನಿಯಮ ಮಾತ್ರ ಅಪಾಯಕಾರಿ. ವೆಸ್ಟಿಂಗ್‌ಹೌಸ್‌ನ ಬೆಟಿಸ್ ಕೇಂದ್ರದಲ್ಲಿ ಓಡಿಸಿದ ಮೊದಲ ಪ್ರೋಗ್ರಾಮಿನಲ್ಲಿ ಅಲ್ಪವಿರಾಮವೊಂದು ಬಿಟ್ಟುಹೋಗಿದ್ದನ್ನು ಕಂಪೈಲರ್ ನೇರವಾಗಿ ಎತ್ತಿ ತೋರಿಸಿತು; ಆದರೆ ಈ ನಿಯಮ ಪಾಲಿಸುವ ಕಂಪೈಲರಿನಲ್ಲಿ ‘ಡು 10 ಐ = 1,100’ (ಐ 1ರಿಂದ 100ರವರೆಗೆ ಸಾಗುವಂತೆ, 10 ಎಂಬ ಗುರುತಿನ ಸಾಲಿನವರೆಗಿನದನ್ನು ಮರುಕಳಿಸು) ಎಂಬಲ್ಲಿ ಅಲ್ಪವಿರಾಮದ ಜಾಗದಲ್ಲಿ ಚುಕ್ಕೆ ಬಿದ್ದರೆ ಲೂಪೇ ಮಾಯವಾಗಿ, ‘ಡು10ಐ’ ಎಂಬ ವೇರಿಯಬಲ್‌ಗೆ 1.100 ಎಂಬ ಮೌಲ್ಯ ಸದ್ದಿಲ್ಲದೆ ಸೇರುತ್ತದೆ. ಇಂದಿನ ಫೋರ್ಟ್ರಾನ್ ಕಂಪೈಲರಾದ ಜಿಫೋರ್ಟ್ರಾನ್‌ಗೆ ಹಳೆಯ ವಿನ್ಯಾಸದ ಕಡತ ಕೊಟ್ಟರೂ ಇದೇ ಕಥೆ.

ಬಳಕೆದಾರನೇ ಬರೆದ ಸಬ್‌ರುಟೀನ್‌ಗಳಿಗೆ (ಬೇರೆಯಾಗಿ ಬರೆದು ಬೇಕಾದಾಗ ಕರೆಯಬಹುದಾದ ತುಣುಕುಗಳಿಗೆ) ಮೊದಲ ಆವೃತ್ತಿಯಲ್ಲಿ ಅವಕಾಶವಿಲ್ಲದ್ದರಿಂದ, ದೊಡ್ಡ ಪ್ರೋಗ್ರಾಮಿನ ಒಂದು ಸಾಲು ತಿದ್ದಿದರೂ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಬೇಕಿತ್ತು. ಸೂತ್ರಗಳ ಸಣ್ಣ ಲೆಕ್ಕಗಳಿಗೆ 1957ರ ಆವೃತ್ತಿಯನ್ನು ಧಾರಾಳವಾಗಿ ಶಿಫಾರಸು ಮಾಡಬಹುದಿತ್ತು. ದೊಡ್ಡ ಕೆಲಸವಿದ್ದವರು ಸಬ್‌ರುಟೀನ್‌ಗಳಿಗೆ ಅವಕಾಶ ಕೊಟ್ಟ 1958ರ ಫೋರ್ಟ್ರಾನ್ 2 ಬರುವವರೆಗೆ ಕಾಯುವುದೇ ಲೇಸಾಗಿತ್ತು.