ಸೆನ್ಸರ್ ಬನಿಯನ್, ಎದೆಪಟ್ಟಿ, ವಾಚು: ಮಲೆನಾಡಿನ ಮಳೆಗೆ ಯಾವುದು ಆಗಿಬರುತ್ತೆ?

ಮೊದಲೇ ಹೇಳಿಬಿಡುತ್ತೇನೆ, ಎದೆಬಡಿತ ಅಳೆಯುವ ಈ ಮೂರರಲ್ಲಿ ನನ್ನ ಓಟು ಎದೆಪಟ್ಟಿಗೆ. ಬನಿಯನ್‌ಗೆ ಅದರ ಹಲವು ಪಟ್ಟು ದುಡ್ಡು ಸುರಿದಿದ್ದೇನೆ. ಆದರೂ ಚಿಕ್ಕಮಗಳೂರಿನ ನಮ್ಮ ತೋಟಕ್ಕೆ ಹೊರಡುವಾಗ ಕಟ್ಟಿಕೊಳ್ಳುವುದು ಪಟ್ಟಿಯನ್ನೇ.

ನನಗೆ ಆಗಾಗ ಏರು ಹತ್ತುವಾಗಲೋ, ಊಟ ಮಾಡಿ ಕೂತಾಗಲೋ ಎದೆಬಡಿತ ಒಂದು ತಪ್ಪಿದ ಹಾಗಾಗುತ್ತದೆ. ಇಸಿಜಿ (ಹೃದಯದ ಕರೆಂಟನ್ನು ಗೆರೆಯಾಗಿ ತೋರಿಸುವ ಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್) ಎರಡೂ ಸರಿಯಿತ್ತು. ಡಾಕ್ಟ್ರು ಹೋಲ್ಟರ್ ಕಟ್ಟಿಸಿದರು, ಅಂದರೆ ಓಡಾಡುವಾಗಲೂ ಬಿಡದೆ ಇಸಿಜಿ ತೆಗೆಯುವ ಯಂತ್ರ. 1940ರ ದಶಕದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಇದನ್ನು ಮೊದಲು ಮಾಡಿದಾಗ ಸುಮಾರು 38 ಕೆಜಿ ತೂಕ ಬೆನ್ನಿಗೆ ಹೊರಬೇಕಿತ್ತಂತೆ. ಈಗ ಅಂಗೈಯಗಲದ ಡಬ್ಬಿ, ಎದೆ ತುಂಬ ಜೆಲ್ ಸ್ಟಿಕ್ಕರ್. ಗೆರೆ ಚೆನ್ನಾಗಿ ಬರುತ್ತದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಸ್ನಾನ ಇಲ್ಲ, ಬೆವರಿದರೆ ಸ್ಟಿಕ್ಕರ್ ಏಳುತ್ತದೆ, ತೆಗೆದ ಮೇಲೂ ತುರಿಕೆ. ಅಷ್ಟೆಲ್ಲ ಆಗಿ, ಕಟ್ಟಿದ ಆ 24 ಗಂಟೆಯಲ್ಲಿ ಎದೆ ಸುಮ್ನೆ ತನ್ನ ಪಾಡಿಗೆ ತಾನಿತ್ತು! ದಿನಾ ಹಾಕಿಕೊಳ್ಳುವಂಥದ್ದು ಏನಾದರೂ ಬೇಕು ಅನ್ನಿಸಿದ್ದು ಆಗಲೇ.

ವಾಚಿನ ಬಗ್ಗೆ ಜಾಸ್ತಿ ಹೇಳಲ್ಲ. ಅದು ಹಸಿರು ಬೆಳಕು ಬಿಟ್ಟು ಮಣಿಕಟ್ಟಿನ ರಕ್ತದ ಏರಿಳಿತ ನೋಡುತ್ತದೆ, ಹೃದಯದ ಕರೆಂಟನ್ನಲ್ಲ. ಕಳೆ ಹೊಡೆಯುವ ಮಷೀನ್ ಹಿಡಿದರೆ ಕೈ ಅದುರಿ ಸಂಖ್ಯೆಯೆಲ್ಲ ಎಕ್ಕುಟ್ಟಿಹೋಗುತ್ತದೆ. ಕೆಲವು ವಾಚಲ್ಲಿ ಬೆರಳಿಟ್ಟು ಇಸಿಜಿ ತೆಗೆಯಬಹುದು, ಆದರೆ ಬೆರಳಿಡುವಷ್ಟರಲ್ಲಿ ತಪ್ಪಿದ ಬಡಿತ ಮುಗಿದೇ ಹೋಗಿರುತ್ತದೆ.

ಇನ್ನು ಬನಿಯನ್. ಹೊರದೇಶದಿಂದ ತರಿಸಿದ್ದು, ಕಂಪನಿ ಹೆಸರು ಬೇಡ. ಎದೆಯ ಹತ್ತಿರ ಒಳಗಡೆ ಬೆಳ್ಳಿ ಲೇಪಿಸಿದ ನೈಲಾನ್ ನೂಲಿನಲ್ಲಿ ಹೆಣೆದ ಪ್ಯಾಡ್‌ಗಳಿವೆ, ಬದಿಯಲ್ಲಿ ಚಿಕ್ಕ ಡಬ್ಬಿ ಸಿಕ್ಕಿಸಬೇಕು. ಉಸಿರಾಟವನ್ನೂ ಅಳೆಯುತ್ತದೆ. ಹಾಕಿಕೊಂಡರೆ ಮೈಮೇಲೆ ಇದೆ ಅನ್ನುವುದೇ ಮರೆತುಹೋಗುತ್ತದೆ, ಮಲಗಿದಾಗಂತೂ ಇದರಷ್ಟು ಹಾಯಾದದ್ದು ಇನ್ನೊಂದಿಲ್ಲ.

ತೊಂದರೆ ಇರುವುದು ಒದ್ದೆಯಲ್ಲಿ. ಚರ್ಮದ ಮೇಲೆ ಸಿಗುವ ಹೃದಯದ ಸಿಗ್ನಲ್ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಬಟ್ಟೆಯ ಪ್ಯಾಡಿನಲ್ಲಿ ಜೆಲ್ ಇಲ್ಲ, ಜೆಲ್‌ನ ಕೆಲಸವನ್ನು ನಮ್ಮ ಬೆವರೇ ಮಾಡಬೇಕು. ಜನವರಿಯ ಬೆಳಗಿನ ಚಳಿಯಲ್ಲಿ ಬೆವರು ಎಲ್ಲಿಂದ ಬರಬೇಕು? ಮೇಲೆ ಉಣ್ಣೆ ಸ್ವೆಟರ್ ಬೇರೆ. ಬಟ್ಟೆಗೆ ಬಟ್ಟೆ ಉಜ್ಜಿ ಹುಟ್ಟುವ ಸ್ಟ್ಯಾಟಿಕ್ ಕರೆಂಟು ಸೇರಿಕೊಂಡು, ಗೇಟಿನ ಹತ್ತಿರ ಸುಮ್ಮನೆ ನಿಂತಿದ್ದರೂ ಮೊಬೈಲಲ್ಲಿ ಬಡಿತ 200 ಅಂತ ತೋರಿಸಿದೆ. ಪ್ಯಾಡಿಗೆ ನೀರು ಚಿಮುಕಿಸಿದರೆ ಸರಿಹೋಗುತ್ತದೆ, ಒಣಗಿದ ಮೇಲೆ ಮತ್ತೆ ಅದೇ ಕಥೆ. ಮೆಡಿಕಲ್ ಶಾಪಿನ ಇಸಿಜಿ ಜೆಲ್ ಹಚ್ಚಿದರೆ ಗೆರೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಸಂಜೆಗೆ ಪ್ಯಾಡ್ ಗಟ್ಟಿಯಾಗಿ ತೊಳೆಯಲೇಬೇಕಾಗುತ್ತದೆ.

ತೊಳೆದರೆ ಒಣಗಿಸಬೇಕಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ. ಬನಿಯನ್ನೂ ಅಲ್ಲೇ ನೇತುಹಾಕಿದೆವು. ಹಿಂಡುವ ಹಾಗಿಲ್ಲ, ಇಸ್ತ್ರಿ ಮಾಡುವ ಹಾಗಿಲ್ಲ, ಬ್ಲೀಚು, ಬಟ್ಟೆ ಮೆತ್ತಗಾಗಿಸುವ ಕಂಫರ್ಟು ಯಾವುದೂ ಕೂಡದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಳೆಯುತ್ತಿದ್ದ ಪ್ಯಾಡಿನ ಅಂಚು ಕಂದುಬಣ್ಣಕ್ಕೆ ತಿರುಗಿ, ಬೆರಳಾಡಿಸಿದರೆ ಒರಟಾಗಿತ್ತು. ನೇರ ಇರಬೇಕಾದ ಗೆರೆ ಓಲಾಡಲು ಶುರುವಾಯಿತು.

ಅರೆ ಒಣಗಿದ್ದನ್ನೇ ಹಾಕಿಕೊಂಡು ಹೋದರೆ ಇನ್ನೊಂದು ಪಜೀತಿ. ಪ್ಯಾಡ್ ಒಂದೇ ಒದ್ದೆಯಿದ್ದರೆ ಒಳ್ಳೆಯದು, ಆದರೆ ನಡುವಿನ ಬಟ್ಟೆಯೂ ಬೆವರಿನ ಉಪ್ಪುನೀರು ಕುಡಿದು ತೊಯ್ದರೆ ಒಂದು ಪ್ಯಾಡಿನಿಂದ ಇನ್ನೊಂದಕ್ಕೆ ಬಟ್ಟೆಯ ಮೂಲಕವೇ ಕರೆಂಟು ದಾಟಿಬಿಡುತ್ತದೆ. ಗೆರೆಯಲ್ಲಿ ಪ್ರತಿ ಬಡಿತಕ್ಕೂ ಎತ್ತರಕ್ಕೆ ಏಳಬೇಕಾದ ಮೊನೆಗಳು ಮೊಂಡಾಗುತ್ತವೆ. ಒಣಗಿದರೂ ಕಷ್ಟ, ತೊಯ್ದರೂ ಕಷ್ಟ, ಮಧ್ಯದ ಹದ ನಮ್ಮ ಹವಾಮಾನದಲ್ಲಿ ಸಿಗುವುದೇ ಅಪರೂಪ. ಇಷ್ಟು ದುಡ್ಡಿನ ವಸ್ತು ಇಷ್ಟಕ್ಕೇ ಮೂಲೆ ಸೇರಿದ್ದಕ್ಕೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಎದೆಪಟ್ಟಿಯಲ್ಲೂ ಬಟ್ಟೆ ಇದೆ, ಅದಕ್ಕೂ ಒದ್ದೆ ಬೇಕು. ವ್ಯತ್ಯಾಸ ಏನೆಂದರೆ ಅದು ಎರಡು ಬೆರಳಗಲದ ಎಲಾಸ್ಟಿಕ್ ಪಟ್ಟಿ. ಬಿಗಿಯಾಗಿ ಕೂರುತ್ತದೆ, ಬಗ್ಗಿ ಚಿಗುರು ತೆಗೆಯುವಾಗಲೂ ಜಾರುವುದಿಲ್ಲ. ಬಂದ ಕೂಡಲೇ ನಲ್ಲಿ ಕೆಳಗೆ ತೊಳೆದು, ಟವೆಲ್‌ನಲ್ಲಿ ಒತ್ತಿ, ಅಡುಗೆಮನೆಯ ಮೊಳೆಗೆ ಹಾಕಿದರೆ ಜುಲೈನಲ್ಲೂ ಬೆಳಿಗ್ಗೆಗೆ ಒಣಗಿರುತ್ತದೆ. ನನ್ನದು ಪೋಲಾರ್ ಎಚ್10. ಸೆಕೆಂಡಿಗೆ 130 ಸಲ ಸಿಗ್ನಲ್ ಅಳೆದು ಬೇರೆ ಆಪ್‌ಗಳಿಗೂ ಇಸಿಜಿ ಗೆರೆ ಕೊಡುತ್ತದೆ. ಸಿಆರ್2025 ಬ್ಯಾಟರಿ ಹಾಕಿದರಾಯಿತು. ಬನಿಯನ್ ಡಬ್ಬಿಯ ಹಾಗೆ ಚಾರ್ಜ್‌ಗೆ ಕರೆಂಟು ಕಾಯುವ ಕೆಲಸವಿಲ್ಲ.

ಕೊನೆಗೂ ಆ ಬಡಿತ ಸಿಕ್ಕಿದ್ದು ಇದರಲ್ಲೇ. ಸಾಲಾಗಿ ಚೂಪು ಮೊನೆಗಳು, ನಡುವೆ ಒಂದು ಅವಸರದಲ್ಲಿ ಬಂದ ಅಗಲವಾದ, ಸೊಟ್ಟ ಮೊನೆ, ಆಮೇಲೆ ಉದ್ದನೆಯ ಖಾಲಿ. ಎದೆ ನಿಂತಂತೆ ಅನ್ನಿಸುತ್ತಿದ್ದದ್ದು ಆ ಖಾಲಿಯೇ. ಡಾಕ್ಟ್ರು ಮೊಬೈಲ್ ಹಿಡಿದು ದೊಡ್ಡದು ಮಾಡಿ ನೋಡಿದರು. "ಎಕ್ಟೋಪಿಕ್ ಬೀಟ್ ಇದು, ಅಂದ್ರೆ ಹೊತ್ತಿಗೆ ಮುಂಚೆ ಬಂದ ಬಡಿತ. ನಿಮ್ಮ ಎಕೋ ಚೆನ್ನಾಗಿದೆ, ಹೆದರಬೇಡಿ. ಆದ್ರೆ ಎದೆನೋವು ಬಂದ್ರೆ ಇದನ್ನ ನೋಡ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ" ಅಂದರು. ಪಟ್ಟಿ ಹೃದಯವನ್ನು ಒಂದೇ ದಿಕ್ಕಿನಿಂದ ನೋಡುತ್ತದೆ, ಹನ್ನೆರಡು ದಿಕ್ಕಿನಿಂದ ನೋಡುವ ಆಸ್ಪತ್ರೆಯ 12 ಲೀಡ್ ಇಸಿಜಿಯ ಜಾಗಕ್ಕೆ ಅದು ಬರುವುದಿಲ್ಲ.

ನನ್ನ ಹಾಗೆ ತೋಟದಲ್ಲಿ ಓಡಾಡುವವರು, ಮಳೆ ನಾಡಿನವರು ಪಟ್ಟಿಯನ್ನೇ ತಗೊಳ್ಳಿ. ಕಡೂರು, ಅರಸೀಕೆರೆ ಕಡೆಯವರಿಗೆ ಒಣಗಿಸುವ ಕಾಟ ಇಷ್ಟಿರಲ್ಲ. ರಾತ್ರಿಯಿಡೀ ಅಳೆಯಬೇಕು, ಕೈಯಲ್ಲಿ ದುಡ್ಡೂ ಇದೆ ಅಂದರೆ ಅವರು ಬನಿಯನ್ ನೋಡಬಹುದು. ಒಂದೇ ತರಿಸಬೇಡಿ, ಡಬ್ಬಿ ಒಂದಿದ್ದರೆ ಸಾಕು, ಬನಿಯನ್ ಮಾತ್ರ ಎರಡು ಬೇಕು.