ಹಿರಿಯರ ಜೊತೆಗೆ ಯಾವ ಪುಟ್ಟ ನಾಯಿ: ಪಗ್, ಶಿಹ್ ತ್ಸು, ಪೊಮೆರೇನಿಯನ್

ಒಂಟಿಯಾಗಿರುವ ವಯಸ್ಸಾದ ತಾಯಿಗೆ ಈ ಮೂರರಲ್ಲಿ ಯಾವುದು ಒಗ್ಗೀತು ಎಂದು ಕೇಳಿದ್ದೀರಿ. ಮೊದಲು ನೋಡಬೇಕಾದದ್ದು ತೂಕ, ಏಕೆಂದರೆ ಬಗ್ಗಿ ನಾಯಿಯನ್ನು ಎತ್ತಿಕೊಳ್ಳುವ ಸಂದರ್ಭ ದಿನವೂ ಬರುತ್ತದೆ. ಪೊಮೆರೇನಿಯನ್ ಸಾಮಾನ್ಯವಾಗಿ 2ರಿಂದ 3 ಕಿಲೋ, ಶಿಹ್ ತ್ಸು 4ರಿಂದ 7, ಪಗ್ 6ರಿಂದ 8 ಕಿಲೋ ತೂಗುತ್ತವೆ. ಆದರೆ ಹಗುರವಾದದ್ದೇ ಸುರಕ್ಷಿತ ಎನ್ನಲಾಗದು. ಚುರುಕಾದ ಪೊಮೆರೇನಿಯನ್ ಕಾಲಿಗೆ ಅಡ್ಡ ಬರುತ್ತದೆ, ಸೋಫಾದಿಂದ ಜಿಗಿದರೂ ಅದರ ಸಣ್ಣ ಮೂಳೆ ಮುರಿಯಬಹುದು. ನಡಿಗೆ ತಡವರಿಸುವವರಿಗೆ ಉಳಿದೆರಡೇ ಮೇಲು.

ಶಿಹ್ ತ್ಸುವಿನ ಕೂದಲು ಉದುರುವುದು ಕಡಿಮೆ. ಆದರೆ ನಿತ್ಯ ಬಾಚದಿದ್ದರೆ ಅದು ಕಿವಿಯ ಹಿಂದೆ ಗಂಟುಕಟ್ಟಿ ಚರ್ಮವನ್ನು ಜಗ್ಗುತ್ತದೆ. ಬೆರಳುಗಳಲ್ಲಿ ಸಂಧಿವಾತವಿದ್ದವರು ಅದನ್ನು ಬೇರೆಯವರಿಂದ ಗಿಡ್ಡವಾಗಿ ಕತ್ತರಿಸಿಕೊಳ್ಳುವುದೇ ಸರಿ, ಆ ಖರ್ಚು ಮತ್ತೆ ಮತ್ತೆ ಬರುತ್ತದೆ. ಪಗ್‌ಗೆ ಕತ್ತರಿ ಬೇಡ, ಆದರೂ ಕೂದಲು ಮನೆತುಂಬ ಉದುರುತ್ತದೆ, ಮುಖದ ಮಡಿಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಮೂತಿ ಚಪ್ಪಟೆಯಾದ್ದರಿಂದ ಇವೆರಡಕ್ಕೂ ಬಿಸಿಲು ಆಗದು. ಉಸಿರಾಟದ ತೊಂದರೆ ಪಗ್‌ಗೆ ಹೆಚ್ಚು, ವೈದ್ಯರ ವೆಚ್ಚವೂ ಹಾಗೆಯೇ. ಸೆಕೆಯ ಊರಿಗೆ ನಾನು ಅದನ್ನು ಸೂಚಿಸಲಾರೆ.

ಪೊಮೆರೇನಿಯನ್ ಬಾಗಿಲ ಸಪ್ಪಳಕ್ಕೆಲ್ಲ ಬೊಗಳುತ್ತದೆ. ಕಿವಿ ಮಂದವಾದವರಿಗೆ ಅದು ಉಪಕಾರ, ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಕಿರಿಕಿರಿ.

ತಳಿ ಯಾವುದೇ ಇರಲಿ, ಮರಿಯ ಬದಲು ನಾಲ್ಕೈದು ವರ್ಷದ, ಶೌಚದ ಶಿಸ್ತು ಕಲಿತ ನಾಯಿಯನ್ನು ದಯವಿಟ್ಟು ನೋಡಿ. ಇವು 12 ವರ್ಷಕ್ಕೂ ಮಿಕ್ಕಿ ಬದುಕಬಲ್ಲವು. ತಾಯಿಗೆ ಆಗದಿದ್ದಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ತರುವ ಮೊದಲೇ ನಿಶ್ಚಯವಾಗಿರಬೇಕು.